ಒಂಬತ್ತೂವರೆಯ ಬಾಸುಂಡೆ

ರಾತ್ರಿ ದೀಪದಲ್ಲಿ ಬೆಣ್ಣೆಯಂತಿದ್ದ ಗೋಡೆಗೆ ಬೆಳಗಾಗುತ್ತಲೇ ಉಬ್ಬುತಗ್ಗು. ಹತ್ತೂವರೆ ದಾಟಿದರೆ ಮತ್ತೆ ಸಪಾಟು! ಕೆನಡಾದ ಬ್ರ್ಯಾಂಪ್ಟನ್ನಿನ ಚಳಿಗಾಲದ ಓರೆ ಬಿಸಿಲು ಹೊಸ ಮನೆಗಳ ಗುಟ್ಟನ್ನು ರಟ್ಟು ಮಾಡುತ್ತಿದೆ. ತಪ್ಪು ಗೋಡೆಯದೋ, ಬೆಳಕಿನದೋ?

ಸಂಕ್ರಾಂತಿ ಕಳೆದು ಬಂದ ಶನಿವಾರ. ಇಲ್ಲಿ ನಮ್ಮ ಹಬ್ಬಗಳೆಲ್ಲ ವಾರಾಂತ್ಯಕ್ಕೆ ಕಾಯುತ್ತವೆ. ಹೊರಗೆ ಮೊಣಕಾಲುದ್ದ ಹಿಮ, ಕಣ್ಣು ಕುಕ್ಕುವ ಬಿಸಿಲು, ಮೂಗು ಮರಗಟ್ಟುವ ಚಳಿ. ಒಳಗೆ ಎಳ್ಳು, ಬೆಲ್ಲ, ಕೊಬ್ಬರಿ, ಸಕ್ಕರೆ ಅಚ್ಚು. ಗೆಳೆಯನ ಹೊಸ ಮನೆಯಲ್ಲಿ ನಾವು ನಾಲ್ಕೈದು ಕನ್ನಡದ ಸಂಸಾರಗಳು ಬೆಳಗ್ಗೆಯೇ ಸೇರಿದ್ದೆವು.

ಒಂಬತ್ತೂವರೆ ಹೊತ್ತಿಗೆ ಅರಸೀಕೆರೆಯಿಂದ ಬಂದಿದ್ದ ಗೆಳೆಯನ ಅಮ್ಮ ತಟ್ಟೆ ಕೆಳಗಿಟ್ಟು ಗೋಡೆಯನ್ನೇ ದಿಟ್ಟಿಸತೊಡಗಿದರು.

"ಇದೇನೋ ಮಗಾ, ಗೋಡೆಗೆ ಬಾಸುಂಡೆ ಎದ್ದಿದೆ!"

ಎಲ್ಲರೂ ತಿರುಗಿದೆವು. ನಿಜ. ಹಿಂಬದಿಯ ದೊಡ್ಡ ಕಿಟಕಿಯಿಂದ ನುಗ್ಗಿದ ಬಿಸಿಲು ಪಕ್ಕದ ಗೋಡೆಯನ್ನು ಸವರಿಕೊಂಡು ಹೋಗುತ್ತಿತ್ತು. ಆ ಬೆಳಕಿನ ಪಟ್ಟೆಯೊಳಗೆ ಬೆತ್ತದೇಟು ಬಿದ್ದ ಬೆನ್ನಿನ ಹಾಗೆ ನೆಟ್ಟಗೆ ಎದ್ದು ನಿಂತ ಎರಡು ಉಬ್ಬು. ಅವುಗಳ ಆಚೀಚೆ ಸಾಲಾಗಿ ಸಣ್ಣ ಗುಳ್ಳೆಗಳು. ಒಂದು ಕಡೆ ಅರ್ಧಚಂದ್ರದಂಥ ಗೀರು. ಐದಾರು ತಿಂಗಳಿಂದ ಈ ಮನೆಯಲ್ಲಿರುವ ಗೆಳೆಯ ಬಾಯಿ ಬಿಟ್ಟುಕೊಂಡು ನಿಂತ. ವಾರದ ದಿನಗಳಲ್ಲಿ ಅವನು ಏಳೂವರೆಗೇ ಮನೆ ಬಿಡುತ್ತಾನೆ. ಶನಿವಾರ ಏಳುವುದೇ ಹತ್ತಕ್ಕೆ. ತನ್ನ ಗೋಡೆಯ ಈ ಮುಖವನ್ನು ಅವನು ನೋಡಿಯೇ ಇರಲಿಲ್ಲ.

ಕಾಫಿ ಮುಗಿದು ಹತ್ತೂವರೆ ಆಗುವ ಹೊತ್ತಿಗೆ ಬಾಸುಂಡೆ ಇಳಿದುಹೋಗಿತ್ತು. ಗೋಡೆ ಮತ್ತೆ ಸಂಭಾವಿತ.

"ಹೋಯ್ತಲ್ಲ, ಬಿಡಿ ಅತ್ತೆ" ಎಂದಳು ಸೊಸೆ.

"ಹೋಗೋದೆಲ್ಲಿಗಮ್ಮಾ? ಅಲ್ಲೇ ಇದೆ, ಕಾಣ್ತಿಲ್ಲ ಅಷ್ಟೆ" ಎಂದರು ಅಮ್ಮ.

ಉತ್ತರ ಅಮೆರಿಕದ ಕಟ್ಟಡ ಗುತ್ತಿಗೆದಾರರು, ಬಣ್ಣದವರು, ಜಿಪ್ಸಂ ಬೋರ್ಡ್ ತಯಾರಕರು ದಶಕಗಳಿಂದ ಕಿತ್ತಾಡುತ್ತಿರುವುದು ಇದೇ ಪ್ರಶ್ನೆಗೆ. ಕಾಣದೆ ಇರುವ ತಪ್ಪು ತಪ್ಪೇ? ಕಾಣಬೇಕಾದರೆ ಯಾವ ಬೆಳಕಿನಲ್ಲಿ?

ಇಲ್ಲಿನ ಉತ್ತರ ಉತ್ತರವಲ್ಲ

ಮೊದಲು ಸೂರ್ಯನ ವಿಚಾರ. ಡಿಸೆಂಬರ್ ಕೊನೆಯ ಮಧ್ಯಾಹ್ನ ಬೆಂಗಳೂರಿನಲ್ಲಿ ಸೂರ್ಯ ದಿಗಂತದಿಂದ ಸುಮಾರು 53 ಡಿಗ್ರಿ ಮೇಲಿರುತ್ತಾನೆ. ಅದೇ ದಿನ ಬ್ರ್ಯಾಂಪ್ಟನ್ನಿನ ನಡುಹಗಲಿಗೆ ಅವನು ಏರುವುದು ಬರೀ 23 ಡಿಗ್ರಿ. ನಮ್ಮೂರಿನ ಮಟ್ಟಿಗೆ ಅದು ಸಂಜೆ ನಾಲ್ಕು ದಾಟಿದ ಬಿಸಿಲು. ಬೆಂಗಳೂರಿನ ಗವಿಗಂಗಾಧರೇಶ್ವರ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವೆ ತೂರಿ ಲಿಂಗ ಮುಟ್ಟುವ ಬೆಳಕನ್ನು ನೋಡಲು ಜನ ಮುಗಿಬೀಳುತ್ತಾರಲ್ಲ, ಅಷ್ಟು ತಗ್ಗಿನ ಬೆಳಕು ಇಲ್ಲಿ ಚಳಿಗಾಲವಿಡೀ ಪುಕ್ಕಟೆ. ಅಮ್ಮನಿಗೆ ಗೋಡೆಯ ಮೇಲೆಯೇ ದರ್ಶನವಾಯಿತು.

ಇನ್ನು ದಿಕ್ಕಿನ ವಿಚಾರ. ಗೆಳೆಯ ವಾಸ್ತು ನೋಡಿಯೇ ಮನೆ ಕೊಂಡವನು. "ಉತ್ತರಕ್ಕೆ ಬಾಗಿಲು" ಎಂದು ಮನೆ ಮಾರಿದ ಏಜೆಂಟ್ ಹೇಳಿದ್ದ. ಆದರೆ ಬ್ರ್ಯಾಂಪ್ಟನ್ನಿನಲ್ಲಿ ಜನ ಉತ್ತರ ಎಂದು ಕರೆಯುವ ದಿಕ್ಕು ಉತ್ತರವಲ್ಲ. ಇಲ್ಲಿನ ಹಳೆಯ ರಸ್ತೆಗಳನ್ನು ಒಂಟಾರಿಯೊ ಸರೋವರದ ದಂಡೆಯನ್ನು ಆಧಾರವಾಗಿಟ್ಟುಕೊಂಡು ಎಳೆದರು. ದಂಡೆ ಓರೆಯಾಗಿದೆ, ಹಾಗಾಗಿ ರಸ್ತೆಗಳೂ ಓರೆ. ಊರಿನ ಬೆನ್ನೆಲುಬಾದ ಹುರೊಂಟಾರಿಯೊ ರಸ್ತೆ ಹೋಗುವುದು ಹೆಚ್ಚುಕಡಿಮೆ ನೇರ ವಾಯವ್ಯಕ್ಕೆ. ಉತ್ತರದ ಬಾಗಿಲೆಂದು ಕೊಂಡದ್ದು ವಾಯವ್ಯದ ಬಾಗಿಲು, ದಕ್ಷಿಣದ ಕಿಟಕಿ ಎಂದುಕೊಂಡದ್ದು ಆಗ್ನೇಯದ ಕಿಟಕಿ. (ಇದನ್ನು ಹೇಳಿದ ದಿನ ಗೆಳೆಯ ಊಟ ಸರಿಯಾಗಿ ಮಾಡಲಿಲ್ಲ.)

ಈಗ ಲೆಕ್ಕ ಕೂಡುತ್ತದೆ. ಜನವರಿ ಮಧ್ಯದಲ್ಲಿ ಸೂರ್ಯ ಸರಿಯಾಗಿ ಆಗ್ನೇಯಕ್ಕೆ ಬರುವುದು ಬೆಳಗ್ಗೆ ಸುಮಾರು ಒಂಬತ್ತು ಇಪ್ಪತ್ತಕ್ಕೆ. ಆಗ ಅವನ ಎತ್ತರ ಬರೀ 12 ಡಿಗ್ರಿ. ಏಳಡಿ ಎತ್ತರದ ಕಿಟಕಿಯಿಂದ ಒಳಬಂದ ಬಿಸಿಲು ಹತ್ತಿರ ಹತ್ತಿರ 10 ಮೀಟರ್ ಆಳಕ್ಕೆ ಹೋಗುತ್ತದೆ. ಅಂದರೆ ಮನೆಯ ಹಿಂಬದಿಯಿಂದ ಮುಂಬಾಗಿಲಿನವರೆಗೆ. ಹುರೊಂಟಾರಿಯೊ ರಸ್ತೆಗೆ ಸಮಾನಾಂತರವಾಗಿರುವ ಗೋಡೆಯನ್ನು ಆ ಕಿರಣ ಮೊದಲು ಮುಟ್ಟುವುದೇ ಇಲ್ಲ, ಆಮೇಲೆ ಸವರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಮುಖಕ್ಕೆ ಹೊಡೆಯುತ್ತದೆ. ಆ ಋತುವಿನಲ್ಲಿ ಸೂರ್ಯನ ದಿಕ್ಕು ಐದು ನಿಮಿಷಕ್ಕೆ ಸುಮಾರು ಒಂದು ಡಿಗ್ರಿ ಜರುಗುತ್ತದೆ. ಬಾಸುಂಡೆ ಎದ್ದು ಕಾಣುವುದು ಸವರುವ ಆ ಮೊದಲ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ.

ಜೂನ್‌ನಲ್ಲಿ ಅದೇ ದಿಕ್ಕಿಗೆ ಸೂರ್ಯ ಬಂದಾಗ ಅವನ ಎತ್ತರ 64 ಡಿಗ್ರಿ. ಬಿಸಿಲು ಕಿಟಕಿಯಿಂದ ಹೆಚ್ಚುಕಡಿಮೆ ಒಂದು ಮೀಟರಿಗೇ ನಿಲ್ಲುತ್ತದೆ. ಗೋಡೆಯ ಗುಟ್ಟು ಭದ್ರ.

ಗೆಳೆಯನಿಗೆ ಬೀಗದ ಕೈ ಸಿಕ್ಕಿದ್ದು ಆಗಸ್ಟ್‌ನಲ್ಲಿ.

ಒಂದೂವರೆ ಮಿಲಿಮೀಟರಿನ ಮಹಿಮೆ

ಗೋಡೆಯ ಉಬ್ಬು ನಿಜವಾಗಿ ಎಷ್ಟು? ಕುತೂಹಲಕ್ಕೆ ನಾಲ್ಕಡಿಯ ನೇರ ಪಟ್ಟಿ ಇಟ್ಟು ನೋಡಿದೆವು. ಪಟ್ಟಿಯ ತುದಿಯಲ್ಲಿ ಒಂದು ಕ್ರೆಡಿಟ್ ಕಾರ್ಡ್ ಸಲೀಸಾಗಿ ತೂರಿತು, ಎರಡನೆಯದನ್ನು ಒತ್ತಬೇಕಾಯಿತು. ಒಂದೂವರೆ ಮಿಲಿಮೀಟರ್ ಎಂದುಕೊಳ್ಳೋಣ. ಅದೂ ಎರಡಡಿ ಅಗಲಕ್ಕೆ ಹರಡಿಕೊಂಡ ಉಬ್ಬು. ಅದರ ಇಳಿಜಾರು ಒಂದು ಡಿಗ್ರಿಯ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಅದರ ಮೇಲೆ ಗೋಲಿ ಇಟ್ಟರೂ ಉರುಳಲು ಯೋಚನೆ ಮಾಡೀತು.

ಬೆಳಕು 45 ಡಿಗ್ರಿಯಲ್ಲಿ ಬಿದ್ದರೆ ಉಬ್ಬಿನ ಈ ಮಗ್ಗುಲಿಗೂ ಆ ಮಗ್ಗುಲಿಗೂ ಬೀಳುವ ಬೆಳಕಿನಲ್ಲಿ ಶೇ 1ರಷ್ಟು ವ್ಯತ್ಯಾಸ. ಕಣ್ಣಿಗೆ ಅದು ಲೆಕ್ಕಕ್ಕೇ ಇಲ್ಲ. ಅದೇ ಬೆಳಕು ಒಂದೇ ಡಿಗ್ರಿಯಲ್ಲಿ ಗೋಡೆ ಸವರಿದರೆ? ಬೆಳಕಿನ ಕಡೆಯ ಮಗ್ಗುಲು 1.3 ಡಿಗ್ರಿಯಲ್ಲಿ ಅದನ್ನು ಎದುರಿಸುತ್ತದೆ, ಆಚೆಯ ಮಗ್ಗುಲು 0.7 ಡಿಗ್ರಿಯಲ್ಲಿ. ಒಂದು ಕಡೆ ಇನ್ನೊಂದಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು ಬೆಳಕು! ಗೋಡೆ ಒಂದು ಕೂದಲಷ್ಟೂ ಬದಲಾಗಿಲ್ಲ. ಬದಲಾದದ್ದು ದೀಪದ ಜಾಗ.

ಗುಳ್ಳೆಗಳದು ಇನ್ನೂ ಸರಳ. ಅರ್ಧ ಮಿಲಿಮೀಟರಿನ ಗುಳ್ಳೆಗೆ 45 ಡಿಗ್ರಿ ಬೆಳಕಿನಲ್ಲಿ ಅರ್ಧ ಮಿಲಿಮೀಟರ್ ನೆರಳು. ಒಂದು ಡಿಗ್ರಿಯಲ್ಲಿ ಸುಮಾರು 29 ಮಿಲಿಮೀಟರ್, ಅಂದರೆ ಒಂದಿಂಚಿಗಿಂತ ಹೆಚ್ಚು.

ಹುಣ್ಣಿಮೆಯ ಚಂದ್ರ ದೋಸೆಕಲ್ಲಿನಂತೆ ಚಪ್ಪಟೆ ಕಾಣುವುದೂ ಅಷ್ಟಮಿಯ ಚಂದ್ರನ ಮೈಮೇಲೆ ಕುಳಿಗಳು ಎದ್ದು ಕಾಣುವುದೂ ಇದೇ ಕಾರಣಕ್ಕೆ. ಬೆಳಕು ಕತ್ತಲೆ ಸಂಧಿಸುವ ಗೆರೆಯ ಬಳಿ ಅಲ್ಲಿ ಆಗಷ್ಟೇ ಸೂರ್ಯೋದಯವೋ ಸೂರ್ಯಾಸ್ತವೋ ಆಗುತ್ತಿರುತ್ತದೆ. ದೂರದರ್ಶಕ ಇಟ್ಟುಕೊಂಡವರು ಹುಣ್ಣಿಮೆಯಂದು ಚಂದ್ರನ ಕುಳಿ ನೋಡಲು ಕೂರುವುದಿಲ್ಲ. ಮನೆ ಕೊಳ್ಳುವವರು ಮಾತ್ರ ಎಲ್ಲ ದೀಪ ಹಾಕಿಸಿ, ನಟ್ಟನಡುವೆ ನಿಂತು, "ಚೆನ್ನಾಗಿದೆ" ಎಂದು ಸಹಿ ಹಾಕಿ ಬರುತ್ತಾರೆ.

ಬೆರಳಿಂದ ಮುಟ್ಟಿ ನೋಡಿದರಾಗದೇ? ಸ್ವೀಡನ್ನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬೆರಳತುದಿ ಬರೀ 13 ನ್ಯಾನೊಮೀಟರ್ ಎತ್ತರದ ಸುಕ್ಕನ್ನೂ ನುಣುಪಿನಿಂದ ಬೇರೆ ಮಾಡಿ ಗುರುತಿಸಬಲ್ಲದು. ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿ ಅದರಲ್ಲಿ ಹದಿಮೂರು! ಆದರೆ ಅದು ಒತ್ತೊತ್ತಾಗಿರುವ ಸುಕ್ಕಿನ ಮಾತು. ಎರಡಡಿಗೆ ಹರಡಿದ ಉಬ್ಬಿನ ಮೇಲೆ ಕೈ ಸವರಿದರೆ ಬೆರಳಿಗೆ ಏನೂ ಗೊತ್ತಾಗುವುದಿಲ್ಲ. ತರಿತರಿ ಬೆರಳಿಗೆ, ಅಲೆ ಕಣ್ಣಿಗೆ. ಹಳೆಯ ಕೆಲಸಗಾರರು ಒಂದು ಕೈಯಲ್ಲಿ ದೀಪ ಹಿಡಿದು ಇನ್ನೊಂದು ಕೈಯಲ್ಲಿ ಗೋಡೆ ಸವರುವುದು ಸುಮ್ಮನೆ ಅಲ್ಲ.

ಗಾರೆಯೇ ಇಲ್ಲದ ಗೋಡೆ

ಇಲ್ಲಿನ ಗೋಡೆ ನಮ್ಮ ಇಟ್ಟಿಗೆ, ಸಿಮೆಂಟಿನ ಗೋಡೆಯಲ್ಲ. 16 ಇಂಚಿಗೊಂದರಂತೆ ಮರದ ಕಂಬಗಳನ್ನು ನಿಲ್ಲಿಸಿ, ಅವುಗಳಿಗೆ ಅರ್ಧ ಇಂಚಿನ ಜಿಪ್ಸಂ ಬೋರ್ಡನ್ನು ಸ್ಕ್ರೂನಿಂದ ಬಿಗಿಯುತ್ತಾರೆ. ಡ್ರೈವಾಲ್ ಎನ್ನುವುದು ಇದಕ್ಕೇ. ಒದ್ದೆ ಗಾರೆ ಮೆತ್ತಿ ವಾರಗಟ್ಟಲೆ ಒಣಗಿಸುವ ತಾಪತ್ರಯವಿಲ್ಲ, ಅದಕ್ಕೇ ಆ ಹೆಸರು. ಅಮೆರಿಕದ ಆಗಸ್ಟೀನ್ ಸ್ಯಾಕೆಟ್ 1894ರಲ್ಲಿ ಇದರ ಪೂರ್ವಜನಿಗೆ ಪೇಟೆಂಟ್ ಪಡೆದ. ಎರಡನೇ ಮಹಾಯುದ್ಧದ ನಂತರ ಬೇಗಬೇಗ ಮನೆ ಬೇಕಾದಾಗ ಈ ಬೋರ್ಡು ಗಾರೆಯನ್ನು ಮೂಲೆಗೆ ತಳ್ಳಿತು.

ಬೋರ್ಡಿಗೆ ಬೋರ್ಡು ಸೇರುವ ಸಂದೇ ಎಲ್ಲ ರಗಳೆಯ ಮೂಲ. ಬೋರ್ಡಿನ ಉದ್ದದ ಅಂಚನ್ನು ಕಾರ್ಖಾನೆಯಲ್ಲೇ ತುಸು ತೆಳುವಾಗಿಸಿರುತ್ತಾರೆ. ಅಂಥ ಎರಡು ಅಂಚು ಕೂಡಿದ ಕಡೆ ಸಣ್ಣ ತಗ್ಗು ಉಂಟಾಗುತ್ತದೆ. ಅದರೊಳಗೆ ಕಾಗದದ ಟೇಪು ಕೂರಿಸಿ, ಮೇಲೆ ಲೇಪ ಮೆತ್ತಿದರೆ ಮಟ್ಟ ಸರಿಹೋಗುತ್ತದೆ. ಈ ಲೇಪವನ್ನು ಕೆಲಸಗಾರರು "ಮಡ್" ಎನ್ನುತ್ತಾರೆ, ನಮ್ಮ ಕೆಸರೇ. ಆದರೆ ಅಗಲದ ಅಂಚಿಗೆ ಈ ತಗ್ಗಿಲ್ಲ. ಅಲ್ಲಿ ಟೇಪು, ಮಡ್ಡು ಎಲ್ಲ ಮೇಲಕ್ಕೇ ಕೂರಬೇಕು. ಉಬ್ಬು ತಪ್ಪಿದ್ದಲ್ಲ. ಆ ಉಬ್ಬನ್ನು ಎರಡಡಿ, ಮೂರಡಿ ಅಗಲಕ್ಕೆ ಎಳೆದು, ಕಣ್ಣಿಗೆ ಮೋಸ ಮಾಡುವುದೇ ಟೇಪು ಕೂರಿಸುವ ಕೆಲಸಗಾರನ, ಅಂದರೆ ಟೇಪರ್‌ನ ಕೈಚಳಕ. ಅಮ್ಮ ಕಂಡ ಬಾಸುಂಡೆಗಳು ಈ ಅಗಲದ ಅಂಚಿನ ಸಂದುಗಳು. ಉದ್ದದ ಸಂದು ಬೆಳಕಿನ ದಾರಿಯಲ್ಲೇ ಮಲಗಿರುವುದರಿಂದ ನೆರಳು ಬೀಳಿಸದೆ ಬಚಾವಾಯಿತು.

ಗುಳ್ಳೆಗಳು ಸ್ಕ್ರೂ ತಲೆಗಳು. ಕೆಲವು ಸರಿಯಾಗಿ ಮುಚ್ಚದವು. ಇನ್ನು ಕೆಲವು ಚಳಿಗಾಲದ ಕೂಸುಗಳು. ಮನೆ ಬಿಸಿ ಮಾಡುವ ಯಂತ್ರ ಹಗಲು ರಾತ್ರಿ ಓಡಿ ಒಳಗಿನ ತೇವವನ್ನೆಲ್ಲ ಹೀರಿದಾಗ ಗೋಡೆಯೊಳಗಿನ ಮರ ಕುಗ್ಗುತ್ತದೆ. ಸ್ಕ್ರೂ ಇದ್ದಲ್ಲೇ ಇರುತ್ತದೆ, ತಲೆ ಹೊರಗೆ ಬರುತ್ತದೆ. ಬಿಸಿಲು ತೋರಿಸಿದ್ದರಲ್ಲಿ ಯಾವುದು ಕೈತಪ್ಪು, ಯಾವುದು ಮರದ ಸ್ವಭಾವ ಎಂದು ಬಿಡಿಸುವುದು ಇಲ್ಲಿಂದಲೇ ಕಷ್ಟವಾಗುತ್ತದೆ.

ಮೇಲೆ ಹಚ್ಚಿದ ಬಣ್ಣದ್ದೂ ಪಾಲಿದೆ. "ಮಕ್ಕಳ ಕೈಗುರುತು ಒರೆಸಬಹುದು" ಎಂದು ಗೆಳೆಯನ ಹೆಂಡತಿ ಹೊಳಪಿನ ಬಣ್ಣ ಆರಿಸಿದ್ದಳು. ಹೊಳಪು ಹೆಚ್ಚಿದಷ್ಟೂ ಗೋಡೆ ಕನ್ನಡಿಯ ಬುದ್ಧಿ ಕಲಿಯುತ್ತದೆ. ಮಂಕು ಬಣ್ಣ ಬೆಳಕನ್ನು ಎಲ್ಲ ಕಡೆಗೂ ಚದುರಿಸಿ ಅರ್ಧ ಮಾನ ಉಳಿಸುತ್ತಿತ್ತು.

---

ಗೋಡೆಗೂ ತರಗತಿ ಉಂಟು

ಉತ್ತರ ಅಮೆರಿಕದಲ್ಲಿ ಬೋರ್ಡ್ ಗೋಡೆಯ ನಯಕ್ಕೆ ಸೊನ್ನೆಯಿಂದ ಐದರವರೆಗೆ ಹಂತಗಳಿವೆ. ಜಿಪ್ಸಂ ಅಸೋಸಿಯೇಷನ್ನಿನ ಜಿಎ–214 ಎಂಬ ದಾಖಲೆ ಇದಕ್ಕೆ ಆಧಾರ. ಸೊನ್ನೆ ಎಂದರೆ ಬೋರ್ಡು ಬಿಗಿದು ಹಾಗೇ ಬಿಟ್ಟದ್ದು. ಒಂದು, ಎರಡು ಕಣ್ಣಿಗೆ ಬೀಳದ ಅಟ್ಟ, ಕಾರ್ ಶೆಡ್ಡಿನಂಥ ಜಾಗಗಳಿಗೆ. ಮೂರು ದಪ್ಪ ತರಿಯ ಲೇಪ ಬಳಿಯುವ ಗೋಡೆಗೆ. ನಾಲ್ಕರಲ್ಲಿ ಟೇಪು ಕೂರಿಸಿದ ಮೇಲೆ ಸಂದುಗಳಿಗೆ ಇನ್ನೆರಡು ಕೈ. ಸಾಮಾನ್ಯವಾಗಿ ಹೊಸ ಮನೆಗಳು ನಿಲ್ಲುವುದು ಇಲ್ಲೇ. ಐದನೆಯದರಲ್ಲಿ ಇಷ್ಟೆಲ್ಲ ಆದ ಮೇಲೆ ಇಡೀ ಗೋಡೆಗೆ ತೆಳ್ಳಗೆ ಒಂದು ಪದರ. ಹೊಳಪಿನ ಬಣ್ಣಕ್ಕೆ, ಓರೆ ಬೆಳಕು ಬೀಳುವ ಗೋಡೆಗೆ ಐದೇ ಸರಿ ಎನ್ನುತ್ತದೆ ದಾಖಲೆ.

---

ಐದನೇ ಹಂತವನ್ನು ಜಾಹೀರಾತುಗಳಲ್ಲಿ ಮಂತ್ರದಂತೆ ಜಪಿಸುವುದು ಕಂಡಿದ್ದೇನೆ. ಅದು ಮಂತ್ರವೇನಲ್ಲ. ಮೇಲಿನ ಪದರ ಮಿಲಿಮೀಟರಿನ ಒಂದು ಪಾಲು ಮಾತ್ರ. ಕಾಗದ ಮತ್ತು ಲೇಪ ಬಣ್ಣವನ್ನು ಬೇರೆ ಬೇರೆಯಾಗಿ ಹೀರುವ ವ್ಯತ್ಯಾಸವನ್ನು ಅದು ಮರೆಸುತ್ತದೆ, ಸಣ್ಣ ಗೀರುಗಳನ್ನು ತುಂಬುತ್ತದೆ. ಕೆಳಗೆ ಉಬ್ಬಿದ್ದರೆ ಅದರ ಮೇಲೆ ಹೊದಿಸಿದ ಶಾಲಿನ ಹಾಗೆ ಉಬ್ಬಿಕೊಂಡೇ ಕೂರುತ್ತದೆ.

ಎರಡು ಗಂಟೆಗೆ ಬಂದ ಪ್ರತಿನಿಧಿ

ಗೆಳೆಯ ಫೋಟೊ ತೆಗೆದು ಮನೆ ಕಟ್ಟಿದ ಕಂಪನಿಗೆ ಕಳಿಸಿದ. ಹತ್ತು ದಿನದ ಮೇಲೆ ಪ್ರತಿನಿಧಿಯೊಬ್ಬ ಬಂದ. ಮಧ್ಯಾಹ್ನ ಎರಡು ಗಂಟೆ, ಮೋಡ ಬೇರೆ. ಸೌಜನ್ಯದ ಮನುಷ್ಯ. ಶೂ ಕಳಚಿ ಒಳಬಂದು, ನಡುಮನೆಯ ಮಧ್ಯೆ ನಿಂತು, ಕತ್ತು ಆ ಕಡೆ ಈ ಕಡೆ ಹೊರಳಿಸಿ, "ಗೋಡೆ ಚೆನ್ನಾಗಿದೆಯಲ್ಲ" ಎಂದ.

ಗೆಳೆಯ ಮೊಬೈಲಿನ ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದ. ಬಾಸುಂಡೆ ಎದ್ದವು.

ಪ್ರತಿನಿಧಿ ನಕ್ಕ. "ಹೀಗೆ ಹಿಡಿದರೆ ಯಾವ ಗೋಡೆಯೂ ಉಳಿಯುವುದಿಲ್ಲ. ಸಹಜ ಬೆಳಕಿನಲ್ಲಿ ತೋರಿಸಿ."

ಅವನ ಮಾತಿನಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಒಂಟಾರಿಯೊ ಪ್ರಾಂತ್ಯದಲ್ಲಿ ಹೊಸ ಮನೆಗಳಿಗೆ 1976ರ ಕಾನೂನಿನ ಪ್ರಕಾರ ವಾರಂಟಿ ಕಡ್ಡಾಯ. ಅದನ್ನು ನೋಡಿಕೊಳ್ಳುವ ಸಂಸ್ಥೆಯ ಹೆಸರು ಟ್ಯಾರಿಯನ್. ಕೈತಪ್ಪಿಗೆ ಮೊದಲ ವರ್ಷದ ರಕ್ಷಣೆಯಿದೆ. ಯಾವುದು ದೋಷ, ಯಾವುದಲ್ಲ ಎಂದು ಸಾಲುಸಾಲಾಗಿ ವಿವರಿಸುವ ಮಾರ್ಗಸೂಚಿಯೂ ಇದೆ. ಗೋಡೆಯ ಮೇಲ್ಮೈಯನ್ನು ನೋಡಬೇಕಾದದ್ದು ಸಹಜ ಬೆಳಕಿನಲ್ಲಿ, ಸಹಜವಾಗಿ ನಿಲ್ಲುವ ದೂರದಿಂದ ಎಂಬುದು ಅದರ ಧೋರಣೆ. ಕಟ್ಟಿದ ಮೇಲೆ ಒಣಗಿ ಕುಗ್ಗುವ ಸಾಮಗ್ರಿಯಿಂದಾದ ತೊಂದರೆಯನ್ನಂತೂ ಕಾನೂನೇ ವಾರಂಟಿಯಿಂದ ಹೊರಗಿಟ್ಟಿದೆ. ಸ್ಕ್ರೂ ಗುಳ್ಳೆಗಳಲ್ಲಿ ಅರ್ಧ ಅಲ್ಲೇ ಉದುರಿದವು.

ಉಳಿದದ್ದು ಒಂದು ಪದ: ಸಹಜ. ಟಾರ್ಚು ಸಹಜವಲ್ಲ, ಒಪ್ಪೋಣ. ಮನೆಯೊಳಗೆ ತಾನಾಗಿಯೇ ಬರುವ ಸೂರ್ಯ? ಅದಕ್ಕಿಂತ ಸಹಜ ಬೆಳಕು ಯಾವುದು? ಬರೀ ಇಪ್ಪತ್ತು ನಿಮಿಷ ಬರುತ್ತಾನೆ, ಬರೀ ಚಳಿಗಾಲದಲ್ಲಿ ಬರುತ್ತಾನೆ ಎಂದು ಅವನನ್ನು ಅಸಹಜ ಎನ್ನಲಾದೀತೇ?

ಹೊರದೇಶಗಳೂ ಇದೇ ಕೆಸರಿನಲ್ಲಿ ಕಾಲಿಟ್ಟಿವೆ. ಇಂಗ್ಲೆಂಡಿನ ಮನೆ ವಾರಂಟಿ ಸಂಸ್ಥೆಯ ನಿಯಮದಲ್ಲಿ ಬಣ್ಣದ ಗೋಡೆಯನ್ನು ಹಗಲು ಬೆಳಕಿನಲ್ಲಿ, ಎರಡು ಮೀಟರ್ ದೂರದಿಂದ ನೋಡಬೇಕು. ಅಮೆರಿಕದ ಬಣ್ಣದ ಗುತ್ತಿಗೆದಾರರ ಮಾನದಂಡ ಹೇಳುವುದು, ಕೆಲಸ ಮುಗಿದ ಮೇಲೆ ಅಲ್ಲಿ ಕಾಯಂ ಆಗಿ ಇರುವ ಬೆಳಕಿನಲ್ಲಿ ನೋಡಿ ಎಂದು. ನನಗೆ ಇದು ಹೆಚ್ಚು ಪ್ರಾಮಾಣಿಕ ಎನಿಸುತ್ತದೆ. ಜರ್ಮನರು ತಮ್ಮ ಗೋಡೆಗಳನ್ನು ಕ್ಯೂ1ರಿಂದ ಕ್ಯೂ4ರವರೆಗೆ ವಿಂಗಡಿಸಿದ್ದಾರೆ. ಸವರಿಕೊಂಡು ಹೋಗುವ ಬೆಳಕಿಗೆ ಅವರಲ್ಲಿ ಶ್ಟ್ರೈಫ್‌ಲಿಖ್ಟ್ ಎಂಬ ಒಂದೇ ಪದವಿದೆ. ಅತ್ಯುತ್ತಮವಾದ ಕ್ಯೂ4ರಲ್ಲೂ ಆ ಬೆಳಕಿಗೆ ನೆರಳೇ ಬೀಳದು ಎಂದು ಮಾತು ಕೊಡಲಾಗದು ಎಂದು ಅವರು ಮೊದಲೇ ಬರೆದಿಟ್ಟುಬಿಟ್ಟಿದ್ದಾರೆ. ಜಾಣರು.

ನನ್ನ ಅಭಿಪ್ರಾಯ ಕೇಳಿದರೆ, ಇಲ್ಲಿ ತಪ್ಪಿದ್ದು ಕೆಲಸಕ್ಕಿಂತ ಹೆಚ್ಚಾಗಿ ಮಾತುಕತೆ. ಆಗ್ನೇಯಕ್ಕೆ ಅಷ್ಟು ದೊಡ್ಡ ಗಾಜು ಇಟ್ಟವರಿಗೆ ಪಕ್ಕದ ಗೋಡೆಯ ಮೇಲೆ ಜನವರಿಯಲ್ಲಿ ಏನು ಬೀಳುತ್ತದೆ ಎಂಬುದು ನಕ್ಷೆ ಬರೆಯುವಾಗಲೇ ಗೊತ್ತಿರಬೇಕು. ಅದೊಂದು ಗೋಡೆಗೆ ಐದನೇ ಹಂತ ಎಂದು ಬರೆದಿದ್ದರೆ, ಅಗಲದ ಸಂದು ಬೆಳಕಿನ ಹಾದಿಗೆ ಬರದಂತೆ ಉದ್ದದ ಬೋರ್ಡ್ ಹಾಕಿಸಿದ್ದರೆ ಮುಗಿದಿತ್ತು. ಟೇಪರ್ ಮಾತ್ರ ಏನು ಮಾಡಿಯಾನು? ಅವನು ಕೆಲಸ ಮಾಡುವಾಗ ಕಿಟಕಿಗೆ ಪ್ಲಾಸ್ಟಿಕ್ ಹೊದಿಸಿರುತ್ತದೆ, ಮೇಲೊಂದು ಬಲ್ಬು ನೇತಾಡುತ್ತಿರುತ್ತದೆ. ಅವನು ನೋಡಿದ ಬೆಳಕೇ ಬೇರೆ, ಮನೆಯವರು ಬದುಕುವ ಬೆಳಕೇ ಬೇರೆ.

---

ಪ್ಯಾರಿಸ್ ಇಲ್ಲೇ ಪಕ್ಕದಲ್ಲಿದೆ

ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂದರೆ ಫ್ರಾನ್ಸ್ ನೆನಪಾಗುತ್ತದೆ. ಬ್ರ್ಯಾಂಪ್ಟನ್ನಿನಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ದೂರದಲ್ಲಿ, ಗ್ರ್ಯಾಂಡ್ ನದಿಯ ದಂಡೆಯಲ್ಲಿ, ಒಂಟಾರಿಯೊದ್ದೇ ಒಂದು ಪ್ಯಾರಿಸ್ ಇದೆ. ಊರಿಗೆ ಆ ಹೆಸರು ಬಂದದ್ದು ಫ್ರಾನ್ಸಿನ ಮೋಹದಿಂದಲ್ಲ, ಸುತ್ತಲಿನ ನೆಲದಲ್ಲಿ ಸಿಕ್ಕ ಜಿಪ್ಸಂನಿಂದ. ಜಿಪ್ಸಂ ಸುಟ್ಟು ಪುಡಿ ಮಾಡಿದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಅದೇ ನದಿಯ ಕಣಿವೆಯ ಕೆಳಭಾಗದಲ್ಲಿ, ಹೇಗರ್ಸ್‌ವಿಲ್ ಸುತ್ತಮುತ್ತ, ನೆಲದಡಿಯಿಂದ ಜಿಪ್ಸಂ ತೆಗೆದು ಬೋರ್ಡು ಮಾಡಿದ್ದಾರೆ.

---

ಶಾಸನ ಓದುವವರ ಕಣ್ಣು

ಓರೆ ಬೆಳಕಿನ ಪರೀಕ್ಷೆ ನಮಗೆ ಹೊಸದೇನಲ್ಲ. ಬೆಂಗಳೂರು, ಮೈಸೂರಿನ ಯಾವುದೇ ಮನೆ ಕೆಲಸದ ಜಾಗಕ್ಕೆ ಸಂಜೆ ಹೋಗಿ ನೋಡಿ. ಪುಟ್ಟಿ ಉಜ್ಜುವ ಪೇಂಟರ್ ಉದ್ದ ವೈರಿಗೆ ಹೋಲ್ಡರ್ ಕಟ್ಟಿ, ಬಲ್ಬನ್ನು ಗೋಡೆಗೆ ತಗುಲಿದಂತೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿರುತ್ತಾನೆ. ಅವನಿಗೂ ಮೊದಲು ಗಾರೆ ಮೇಸ್ತ್ರಿಯ ಕೈಯಲ್ಲಿ ತೂಗುಗುಂಡು, ರಸಮಟ್ಟ, ಮಟ್ಟಗೋಲು. ಗೋಡೆಯ ಮೇಲೆ ಅಲ್ಲಲ್ಲಿ ಗಾರೆಯ ಬಿಲ್ಲೆ ಅಂಟಿಸಿ, ಬಿಲ್ಲೆಯಿಂದ ಬಿಲ್ಲೆಗೆ ಮಟ್ಟಗೋಲು ಎಳೆದು ಮೈ ತೆಗೆಯುವ ಕೆಲಸ. ಅದಕ್ಕೂ ಹಿಂದಿನದು ಸುಣ್ಣವನ್ನು ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿ, ನುಣುಪು ಕಲ್ಲಿನಿಂದ ತಿಕ್ಕಿ ಹೊಳಪು ತರಿಸುತ್ತಿದ್ದ ಗಚ್ಚುಗಾರೆ.

ಹಳೆಯ ಗಾರೆ ಗೋಡೆಯ ಅಲೆ ಮಾತ್ರ ಯಾರಿಗೂ ದೋಷವಾಗಿ ಕಂಡಿರಲಿಲ್ಲ. ನನ್ನ ಅಜ್ಜನ ಮನೆಯ ನಡುಮನೆಯಲ್ಲಿ ಚಿಮಣಿ ದೀಪ ಹಚ್ಚಿದರೆ ಗೋಡೆಯ ತುಂಬ ಗುಡ್ಡ, ಕಣಿವೆ. ನಾವು ಮಕ್ಕಳು ಅದರಲ್ಲಿ ಆನೆ, ಒಂಟೆ ಹುಡುಕುತ್ತಿದ್ದೆವು. ಇಡೀ ಗೋಡೆಯೇ ಅಲೆಯಾದಾಗ ಕಣ್ಣು ತಕರಾರು ಮಾಡುವುದಿಲ್ಲ. ಸಪಾಟು ಗೋಡೆಯಲ್ಲಿ ಎರಡೇ ಎರಡು ಗೆರೆ ಎದ್ದರೆ ಕಣ್ಣು ಅಲ್ಲೇ ನಾಟುತ್ತದೆ. ಟೊರೊಂಟೊ ಸುತ್ತಮುತ್ತಲಿನ ಹಳೆಯ ಮನೆಗಳ ಸೂರಿಗೆ ಪಾಪ್‌ಕಾರ್ನ್ ಚೆಲ್ಲಿದಂಥ ಗರಸು ಲೇಪ ಇರುವುದೂ ಇದಕ್ಕೇ. ಎಲ್ಲ ಕಡೆ ನೆರಳು ಮಾಡಿಬಿಟ್ಟರೆ ಸಂದಿನ ನೆರಳು ಗುಂಪಿನಲ್ಲಿ ಗೋವಿಂದ. ಈಗ ಎಲ್ಲರೂ ಆ ಲೇಪ ಕೆರೆಸಿ ನುಣ್ಣನೆ ಸೂರು ಬೇಕೆನ್ನುತ್ತಾರೆ. ಚಳಿಗಾಲ ಬಂತೆಂದರೆ ಹೊರಗೆ ಬಿದ್ದ ಹೊಸ ಹಿಮ ತನ್ನ ಮೇಲಿನ ಬಿಸಿಲಿನಲ್ಲಿ ಶೇ 80ಕ್ಕೂ ಹೆಚ್ಚನ್ನು ಹಿಂದಕ್ಕೆ ಎರಚುತ್ತದೆ. ಆ ಬೆಳಕು ಕಿಟಕಿಯಲ್ಲಿ ಕೆಳಗಿನಿಂದ ತೂರಿ ಸೂರನ್ನು ಸವರುತ್ತದೆ. ಸೂರಿನ ಸಂದುಗಳು ಒಂದೊಂದಾಗಿ ಹಾಜರಿ ಹಾಕುತ್ತವೆ.

ಆದರೆ ಇದೇ ಓರೆ ಬೆಳಕಿಗೆ ಕೈಮುಗಿಯುವವರೂ ಇದ್ದಾರೆ. ಸವೆದ ಶಾಸನ ಓದುವವರು. ನೆತ್ತಿಯ ಬಿಸಿಲಿನಲ್ಲಿ ಬರೀ ಬಂಡೆಯಾಗಿ ಕಾಣುವ ಕಲ್ಲು, ಬೆಳಗಿನ ಅಥವಾ ಇಳಿಹೊತ್ತಿನ ಬಿಸಿಲಿನಲ್ಲಿ, ಇಲ್ಲವೇ ರಾತ್ರಿ ಮಗ್ಗುಲಿನಿಂದ ಬಿಟ್ಟ ಟಾರ್ಚಿಗೆ ಅಕ್ಷರ ಬಿಟ್ಟುಕೊಡುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು 8ನೇ ಶತಮಾನದ್ದು. ಅಂಥ ಕಲ್ಲುಗಳನ್ನು ಅಲ್ಲಿನ ಮಿಥಿಕ್ ಸೊಸೈಟಿ ಎಂಬ ಸಂಸ್ಥೆಯವರು ಈಗ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಡುತ್ತಿದ್ದಾರೆ. ಕಂಪ್ಯೂಟರಿನೊಳಗೆ ಸೂರ್ಯನನ್ನು ಬೇಕಾದ ಕಡೆಗೆ ಜರುಗಿಸಿ, ಕಣ್ಣಿಗೆ ಕಾಣದ ಅಕ್ಷರವನ್ನು ನೆರಳಿನಲ್ಲಿ ಹಿಡಿಯಬಹುದು.

ಶಾಸನ ತಜ್ಞನಿಗೆ ಸಂಭ್ರಮ ತಂದ ನೆರಳು ನಮ್ಮ ಗೆಳೆಯನಿಗೆ ಸಂಕಟ ತಂದಿತು. ಗೋಡೆಯೂ ಒಂದು ಬಗೆಯ ಶಾಸನವೇ ಎನ್ನಿ. ಟೇಪರ್ ಯಾವ ಸಂದಿನಲ್ಲಿ ಕರಣೆ ಎತ್ತಿದ, ಎಲ್ಲಿ ಲೇಪ ಒಣಗುವ ಮೊದಲೇ ಎರಡನೇ ಕೈ ಹಚ್ಚಿದ, ಯಾವ ಮೂಲೆಗೆ ಬರುವ ಹೊತ್ತಿಗೆ ಶುಕ್ರವಾರ ಸಂಜೆಯಾಗಿತ್ತು, ಎಲ್ಲ ಅಲ್ಲಿದೆ.

---

ಬೀಗದ ಕೈ ಪಡೆಯುವ ಮುನ್ನ

ಬಿಸಿಲು ಎಲ್ಲಿಂದ, ಯಾವ ತಿಂಗಳು, ಯಾವ ಗೋಡೆ ಸವರುತ್ತದೆ ಎಂದು ಮೊಬೈಲಿನ ದಿಕ್ಸೂಚಿ ಹಿಡಿದು ನೋಡಿಕೊಳ್ಳಿ. ರಸ್ತೆಯ ಹೆಸರಿನಲ್ಲಿರುವ ದಿಕ್ಕನ್ನು ನಂಬಬೇಡಿ. ಟಾರ್ಚನ್ನು ಗೋಡೆಗೆ ಒತ್ತಿ ಎಲ್ಲ ಕಡೆ ಹುಡುಕುತ್ತ ಹೋಗುವುದು ವ್ಯರ್ಥ. ಕಿಟಕಿಯ ಪಕ್ಕದ ಗೋಡೆ, ಗೋಡೆಗೆ ಅಂಟಿದಂತೆ ಸೂರಿನಲ್ಲಿ ಹುದುಗಿಸಿದ ಪಾಟ್ ಲೈಟುಗಳ ಕೆಳಗಿನ ಜಾಗ, ಮೆಟ್ಟಿಲ ಪಕ್ಕದ ಎತ್ತರದ ಗೋಡೆ, ಇಷ್ಟು ಸಾಕು. ಕಂಡದ್ದರ ಫೋಟೊದಲ್ಲಿ ಗಂಟೆ, ತಾರೀಕು ಇರಲಿ. ಬಣ್ಣ ಆರಿಸುವ ಅವಕಾಶವಿದ್ದರೆ ಆ ಗೋಡೆಗೆ ಹೊಳಪು ಬೇಡ.

---

ಅಮ್ಮನ ಚಾಕ್‌ಪೀಸು

ಪ್ರತಿನಿಧಿ ಹೋದ ಮೇಲೆ ಅಮ್ಮ ಸುಮ್ಮನೆ ಕೂರಲಿಲ್ಲ. ಮೊಮ್ಮಗನ ಚಾಕ್‌ಪೀಸ್ ಡಬ್ಬಿ ತೆಗೆದುಕೊಂಡು, ಬಿಸಿಲಿದ್ದ ದಿನವೆಲ್ಲ ಒಂಬತ್ತು ಇಪ್ಪತ್ತಕ್ಕೆ ಗೋಡೆಯ ಮುಂದೆ ಮಣೆ ಹಾಕಿ ಕುಳಿತರು. ಉಬ್ಬಿಗೆ ಉದ್ದ ಗೆರೆ, ಗುಳ್ಳೆಗೆ ಸುತ್ತು, ಗೀರಿಗೆ ಗುಣಾಕಾರ ಚಿಹ್ನೆ. ನಾಲ್ಕು ದಿನದಲ್ಲಿ ಗೋಡೆ ಹಬ್ಬದ ರಂಗೋಲಿಯಂತಾಯಿತು. ಸೊಸೆ ಮೊದಲ ದಿನ ಮುಖ ಸಿಂಡರಿಸಿದವಳು ಮೂರನೇ ದಿನ ತಾನೇ ಬಣ್ಣದ ಚಾಕ್ ತಂದುಕೊಟ್ಟಳು.

ಕಂಪನಿ ಒಪ್ಪಲೂ ಇಲ್ಲ, ನಿರಾಕರಿಸಲೂ ಇಲ್ಲ. "ಸದ್ಭಾವನೆಯಿಂದ" ಒಬ್ಬ ಟೇಪರ್‌ನನ್ನು ಕಳಿಸಿತು. ಲುಧಿಯಾನಾ ಕಡೆಯ ಹಿರಿಯ. ಯುದ್ಧಾನಂತರ ಈ ಊರುಗಳನ್ನು ಕಟ್ಟಿದ ಇಟಲಿಯವರ ಕೈಕೆಳಗೆ ಕೆಲಸ ಕಲಿತವರು, ಇಲ್ಲಿಗೆ ಬಂದು ಮೂವತ್ತು ವರ್ಷ. ಅವರು ಬಂದದ್ದು ಸಂಜೆ ಏಳಕ್ಕೆ, ಬೇಕೆಂದೇ. ಪರದೆ ಎಳೆದು, ಮನೆಯ ದೀಪವನ್ನೆಲ್ಲ ಆರಿಸಿ, ಉದ್ದನೆಯ ಎಲ್‌ಇಡಿ ದೀಪವೊಂದನ್ನು ಗೋಡೆಯ ಬದಿಗೆ ನಿಲ್ಲಿಸಿದರು. ಒಂದೊಂದೇ ಬಾಸುಂಡೆ ಕತ್ತಲೆಯಿಂದೆದ್ದು ಬಂದು ಅಮ್ಮನ ಗೆರೆಯೊಳಗೆ ಸರಿಯಾಗಿ ಕೂತಿತು.

ಅವರು ಅಮ್ಮನ ಕಡೆ ತಿರುಗಿ, ಹಿಂದಿಯಲ್ಲಿ, "ಮಾತಾಜಿ, ಇದನ್ನು ಗುರುತು ಮಾಡಿದ್ದು ನೀವಾ?" ಎಂದರು. ಅಮ್ಮನಿಗೆ ಹಿಂದಿ ಅಷ್ಟಕ್ಕಷ್ಟೆ. ಚಾಕ್‌ಪೀಸ್ ಎತ್ತಿ ತೋರಿಸಿದರು. ಮುಂದಿನ ಅರ್ಧ ಗಂಟೆ ಇಬ್ಬರೂ ಗೋಡೆಯ ಮುಂದೆ ಬೆರಳು, ಕಣ್ಣು, ತಲೆಯಲ್ಲೇ ಮಾತಾಡಿಕೊಂಡರು. ಅಮ್ಮ ಬಿಟ್ಟಿದ್ದ ಎರಡು ಗುಳ್ಳೆಗಳನ್ನು ಅವರು ಪೆನ್ಸಿಲ್ಲಿನಿಂದ ಸುತ್ತಿದರು. ಅವರು ಬಿಟ್ಟಿದ್ದ ಒಂದನ್ನು ಅಮ್ಮ.

ಲೇಪ, ಒಣಗುವುದು, ಉಜ್ಜುವುದು, ಮತ್ತೆ ಲೇಪ. ಉಬ್ಬನ್ನು ಇಳಿಸುವುದೆಂದರೆ ಕೆರೆಯುವುದಲ್ಲ, ಅದರ ಆಚೀಚೆ ಇನ್ನೂ ಅಗಲಕ್ಕೆ ಮೆತ್ತುತ್ತ ಹೋಗುವುದು. ಎರಡಡಿಯ ಗುಡ್ಡ ಆರಡಿಯ ದಿಬ್ಬವಾಯಿತು. ಟೇಪರ್‌ಗೆ ಬೇರೆ ಕೆಲಸಗಳೂ ಇದ್ದುದರಿಂದ ಮಂಕು ಬಣ್ಣ ಬಿದ್ದು ಎಲ್ಲ ಮುಗಿಯುವ ಹೊತ್ತಿಗೆ ಮಾರ್ಚ್ ಎರಡನೇ ವಾರ. ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಾಗಿತ್ತು. ಗೋಡೆಯನ್ನು ಸವರುವ ಬಿಸಿಲು ಈಗ ಬರುವುದು ಹನ್ನೊಂದು ದಾಟಿದ ಮೇಲೆ. ಸೂರ್ಯ 30 ಡಿಗ್ರಿ ದಾಟಿ ಮೇಲೇರಿದ್ದ. ಬಿಸಿಲು ಕಿಟಕಿಯಿಂದ ಮೂರು ಮೀಟರಿಗೇ ನೆಲಕ್ಕೆ ಬಿದ್ದು ಸುಸ್ತಾಗುತ್ತಿತ್ತು. ದೂರದ ಸಂದಿನವರೆಗೆ ಹೋಗಲೇ ಇಲ್ಲ.

"ಸರಿಯಾಯ್ತೋ ಇಲ್ವೋ ಹೆಂಗೆ ಗೊತ್ತಾಗೋದು?" ಎಂದು ಅಮ್ಮ ಕೇಳಿದರು.

ನವೆಂಬರ್ ಕೊನೆಯವರೆಗೆ ಕಾಯಬೇಕು ಎಂದೆ. ಏಪ್ರಿಲ್‌ನಲ್ಲಿ ಅವರು ಅರಸೀಕೆರೆಗೆ ಹೊರಟರು. ವಾಪಸು ಬರುವ ಟಿಕೆಟ್ ಡಿಸೆಂಬರಿಗೆ ಆಗಿದೆ. ಚಾಕ್‌ಪೀಸ್ ಡಬ್ಬಿಯನ್ನು ಯಾರೂ ಮುಟ್ಟಕೂಡದು ಎಂದು ದೇವರ ಮನೆಯ ಅಲಮಾರಿಯ ಮೇಲಿಟ್ಟು ಹೋಗಿದ್ದಾರೆ.